ಸರಿಯಾಗಿಯೇ ನಡೆದ, ಆದರೆ ಪೂರ್ಣಮನಸ್ಸಿನಿಂದಲ್ಲ

ಬೈಬಲಿನ ರಾಜರಲ್ಲಿ ನನ್ನನ್ನು ಜಾಸ್ತಿ ಕಾಡುವವನು ಅಹಾಬನಲ್ಲ, ಮನಸ್ಸೆಯೂ ಅಲ್ಲ. ಅವರು ಕೆಟ್ಟವರೆಂದು ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ. ಓದಿ, ತಲೆ ಅಲ್ಲಾಡಿಸಿ, ಮುಂದೆ ಹೋಗಬಹುದು. ಕಾಡುವವನು ಅಮಚ್ಯ. ಯೆಹೂದದ ರಾಜ, 25ನೇ ವಯಸ್ಸಿಗೆ ಪಟ್ಟಕ್ಕೆ ಬಂದು 29 ವರ್ಷ ಆಳಿದವನು. ಎರಡನೇ ಪೂರ್ವಕಾಲವೃತ್ತಾಂತದ 25ನೇ ಅಧ್ಯಾಯ ಅವನನ್ನು ಒಂದೇ ಸಾಲಿನಲ್ಲಿ ತೂಗುತ್ತದೆ: ಕರ್ತನ ದೃಷ್ಟಿಯಲ್ಲಿ ಸರಿಯಾಗಿ ನಡೆದುಕೊಂಡ, ಆದರೆ ಪೂರ್ಣಮನಸ್ಸಿನಿಂದಲ್ಲ.

ಸರಿಯಾಗಿ ನಡೆದ ಮೇಲೆ ಇನ್ನೇನು ಬೇಕಿತ್ತು? ನಮ್ಮಲ್ಲಿ ಬಹಳ ಜನ ಅಷ್ಟಕ್ಕೇ ತೃಪ್ತರು, ಅಲ್ವಾ? ಭಾನುವಾರ ತಪ್ಪಿಸುವುದಿಲ್ಲ. ದಶಮಾಂಶ ಕೊಡುತ್ತೇವೆ. ಕೆಟ್ಟ ಚಟ ಇಲ್ಲ. ಯಾರಾದರೂ ನಮ್ಮ ಜೀವನಚರಿತ್ರೆ ಬರೆದರೆ "ಸರಿಯಾಗಿ ನಡೆದುಕೊಂಡರು" ಎಂದು ಬರೆಯಬಹುದು. ಆ ಎರಡನೇ ಅರ್ಧ ವಾಕ್ಯ ಮಾತ್ರ ಬರೆಯದೇ ಇದ್ದರೆ ಸಾಕು ಅನಿಸುತ್ತದೆ.

ಅಮಚ್ಯನ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅವನ ತಂದೆಯನ್ನು ಸೇವಕರೇ ಕೊಂದಿದ್ದರು. ಅಧಿಕಾರ ಗಟ್ಟಿಯಾದ ಮೇಲೆ ಅಮಚ್ಯ ಆ ಕೊಲೆಗಾರರಿಗೆ ಮರಣದಂಡನೆ ಕೊಟ್ಟ, ಆದರೆ ಅವರ ಮಕ್ಕಳನ್ನು ಮುಟ್ಟಲಿಲ್ಲ. ತಂದೆಯ ಪಾಪಕ್ಕೆ ಮಕ್ಕಳು ಸಾಯಬಾರದು ಎಂದು ಮೋಶೆಯ ಧರ್ಮಶಾಸ್ತ್ರದಲ್ಲಿ ಬರೆದಿತ್ತು. ಆ ಕಾಲದ ರಾಜರು ಶತ್ರುವಿನ ವಂಶವನ್ನೇ ಅಳಿಸಿಹಾಕುತ್ತಿದ್ದರು. ಇವನು ವಾಕ್ಯಕ್ಕೆ ತಲೆಬಾಗಿದ. ಇದು ಸಣ್ಣ ವಿಷಯವಲ್ಲ.

ಆಮೇಲೆ ಎದೋಮ್ಯರ ಮೇಲೆ ಯುದ್ಧಕ್ಕೆ ಹೊರಟ. ತನ್ನ ಸೈನ್ಯ ಸಾಲದು ಎಂದು ಪಕ್ಕದ ಇಸ್ರಾಯೇಲ್ ರಾಜ್ಯದಿಂದ ಒಂದು ಲಕ್ಷ ಸೈನಿಕರನ್ನು ಕೂಲಿಗೆ ತೆಗೆದುಕೊಂಡ. ಕೊಟ್ಟದ್ದು 100 ತಲಾಂತು ಬೆಳ್ಳಿ. ಒಂದು ತಲಾಂತು ಎಂದರೆ ಸುಮಾರು 34 ಕಿಲೋ, ಅಂದರೆ ಒಟ್ಟು ಮೂರು ಟನ್ನಿಗೂ ಮೇಲೆ. ಆಗ ಒಬ್ಬ ದೇವರ ಮನುಷ್ಯ ಬಂದು ಹೇಳಿದ: ಇವರನ್ನು ಕರೆದುಕೊಂಡು ಹೋಗಬೇಡ, ಕರ್ತನು ಇವರ ಜೊತೆಗಿಲ್ಲ. ಅಮಚ್ಯ ಕೇಳಿದ್ದು ಒಂದೇ ಪ್ರಶ್ನೆ. ನಾನು ಕೊಟ್ಟ ಆ 100 ತಲಾಂತಿನ ಗತಿ ಏನು?

ಆ ಪ್ರಶ್ನೆಗಾಗಿ ನಾನು ಅವನನ್ನು ದೂರುವುದಿಲ್ಲ. ಯಾರಾದರೂ ಕೇಳುತ್ತಿದ್ದರು. ದೇವರ ಮನುಷ್ಯನೂ ಗದರಲಿಲ್ಲ. ಅದಕ್ಕಿಂತ ಹೆಚ್ಚು ಕೊಡಲು ಕರ್ತನು ಶಕ್ತನು ಎಂದಷ್ಟೇ ಹೇಳಿದ. ಅಮಚ್ಯ ಒಪ್ಪಿದ, ಸೈನಿಕರನ್ನು ವಾಪಸ್ಸು ಕಳಿಸಿದ. ಅವರು ಸಿಟ್ಟಿನಿಂದ ಹೋಗುವ ದಾರಿಯಲ್ಲಿ ಯೆಹೂದದ ಊರುಗಳ ಮೇಲೆ ಬಿದ್ದು 3,000 ಜನರನ್ನು ಕೊಂದರು. ವಿಧೇಯನಾದದ್ದಕ್ಕೆ ಅಮಚ್ಯ ನಿಜವಾಗಿಯೂ ಬೆಲೆ ತೆತ್ತ.

ಯುದ್ಧ ಗೆದ್ದ. ಗೆದ್ದು ಬರುವಾಗ ಏನು ತಂದ ಗೊತ್ತಾ? ಸೋತವರ ದೇವರುಗಳನ್ನು. ತಂದು, ನಿಲ್ಲಿಸಿ, ಅಡ್ಡಬಿದ್ದು, ಧೂಪ ಹಾಕಿದ. ತಮ್ಮ ಜನರನ್ನೇ ಕಾಪಾಡಲಾಗದ ದೇವರುಗಳು ನಿನಗೇಕೆ ಎಂದು ಪ್ರವಾದಿ ಕೇಳಿದಾಗ, ನಿನ್ನನ್ನು ಯಾರು ರಾಜನ ಸಲಹೆಗಾರನಾಗಿ ನೇಮಿಸಿದ್ದು, ಬಾಯಿ ಮುಚ್ಚು ಎಂದ. ಅಲ್ಲಿಂದ ಇಳಿಜಾರು. ಇಸ್ರಾಯೇಲಿನ ರಾಜನನ್ನು ಕೆಣಕಿ ಸೋತ, ಯೆರೂಸಲೇಮಿನ ಗೋಡೆಯಲ್ಲಿ 400 ಮೊಳ ಕೆಡವಿಸಿಕೊಂಡ, ಕೊನೆಗೆ ಲಾಕೀಷಿಗೆ ಓಡಿಹೋಗಿ ಅಲ್ಲೇ ಕೊಲೆಯಾದ.

ಅಷ್ಟು ದೊಡ್ಡ ನಷ್ಟ ಸಹಿಸಿ ವಿಧೇಯನಾದವನು ಇಷ್ಟು ಬೇಗ ಹೇಗೆ ತಿರುಗಿದ? ಬೈಬಲ್ ಕಾರಣ ಬಿಡಿಸಿ ಹೇಳುವುದಿಲ್ಲ. ನನ್ನ ಓದಿನ ಪ್ರಕಾರ ಹೀಗೆ. ಅಮಚ್ಯನ ವಿಧೇಯತೆ ಸಾಲದ ಕಂತು ಕಟ್ಟಿದ ಹಾಗೆ ಇತ್ತು. ಕೇಳಿದಾಗ ಕೊಟ್ಟ, ಪೂರ್ತಿ ಕೊಟ್ಟ, ಒಮ್ಮೊಮ್ಮೆ ಕಷ್ಟಪಟ್ಟೂ ಕೊಟ್ಟ. ಆದರೆ ಒಂದು ಕಂತಿಗೂ ಇನ್ನೊಂದು ಕಂತಿಗೂ ನಡುವೆ ಅವನು ಅವನವನೇ. ದೇವರ ಮಾತು ಕೇಳುವುದು ಬೇರೆ, ದೇವರವನಾಗಿರುವುದು ಬೇರೆ. ಮೊದಲನೆಯದನ್ನು ಎಷ್ಟು ವರ್ಷ ಬೇಕಾದರೂ ಮಾಡಿಕೊಂಡು ಹೋಗಬಹುದು, ಎರಡನೆಯದು ಇಲ್ಲ ಎಂದು ಯಾರಿಗೂ ಗೊತ್ತಾಗದೆ.

ಈ ವಿಷಯದ ಮೇಲೆ ನಾವು ಕೇಳುವ ಪ್ರಸಂಗಗಳು ಬಹುಪಾಲು ಬಿಸಿಯ ಬಗ್ಗೆ. ಬೆಂಕಿ, ಉರಿ, ಉತ್ಸಾಹ. ವಿಶೇಷ ಕೂಟಗಳ ಕೊನೆಯಲ್ಲಿ "ಯಾರು ಯಾರು ತಮ್ಮನ್ನು ಪೂರ್ತಿಯಾಗಿ ಕರ್ತನಿಗೆ ಒಪ್ಪಿಸಿಕೊಡುತ್ತೀರಿ, ಎದ್ದು ನಿಲ್ಲಿ" ಎನ್ನುತ್ತಾರೆ. ನಾನೂ ಎದ್ದು ನಿಂತಿದ್ದೇನೆ. ಆ ಹೊತ್ತಿನ ಕಣ್ಣೀರು ಸುಳ್ಳಲ್ಲ. ಅದನ್ನು ಗೇಲಿ ಮಾಡುವವರ ಜೊತೆ ನಾನಿಲ್ಲ. ಆದರೆ ಮುಂದಿನ ಕೂಟದಲ್ಲಿ ಅದೇ ಜನ, ಅದೇ ಹಾಡಿಗೆ, ಮತ್ತೆ ಎದ್ದು ನಿಲ್ಲುವುದನ್ನು ನೋಡಿದಾಗ ಒಂದು ಅನುಮಾನ ಬರುತ್ತದೆ. ನಾವು ಒಪ್ಪಿಸಿಕೊಡುತ್ತಿರುವುದು ನಮ್ಮನ್ನೋ, ಆ ಸಂಜೆಯ ನಮ್ಮ ಮನಸ್ಥಿತಿಯನ್ನೋ?

ಬಿಸಿ ಇದ್ದರೂ ಮನಸ್ಸು ಪೂರ್ಣವಾಗದೇ ಇರಬಹುದು. ಮೆಥೊಡಿಸ್ಟ್ ಚಳವಳಿ ಶುರುಮಾಡಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯನ್ನೇ ನೋಡಿ. ಆಕ್ಸ್‌ಫರ್ಡಿನಲ್ಲಿ ಇದ್ದಾಗ ಬುಧವಾರ, ಶುಕ್ರವಾರ ಉಪವಾಸ. ಜೈಲಿಗೆ ಹೋಗಿ ಕೈದಿಗಳ ಭೇಟಿ. ಸಮಯ ವ್ಯರ್ಥವಾಗದಂತೆ ದಿನವಿಡೀ ಲೆಕ್ಕ. 1735ರಲ್ಲಿ ಸೇವೆಗೆಂದು ಸಮುದ್ರ ದಾಟಿ ಅಮೆರಿಕದ ಜಾರ್ಜಿಯಾಕ್ಕೂ ಹೊರಟರು. ದಾರಿಯಲ್ಲಿ ಬಿರುಗಾಳಿ ಎದ್ದಾಗ ಹಡಗಿನಲ್ಲಿದ್ದ ಮೊರೇವಿಯನ್ ವಿಶ್ವಾಸಿಗಳು ನೆಮ್ಮದಿಯಾಗಿ ಹಾಡುತ್ತಿದ್ದರು, ವೆಸ್ಲಿಗೆ ಸಾವಿನ ಭಯ. 1738ರಲ್ಲಿ ಸೋತು ಇಂಗ್ಲೆಂಡಿಗೆ ಮರಳಿದರು. ಅದೇ ವರ್ಷ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ರಸ್ತೆಯ ಒಂದು ಕೂಟದಲ್ಲಿ, ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು ಎಂದು ಬರೆದುಕೊಂಡರು. ಕ್ರಿಸ್ತನನ್ನು ನಂಬಿದೆ, ಕ್ರಿಸ್ತನನ್ನು ಮಾತ್ರ ನಂಬಿದೆ ಎಂಬುದು ಆ ಸಂಜೆಯ ಹೊಸ ಸಂಗತಿ. ಮೂರು ವರ್ಷದ ನಂತರ ಆಕ್ಸ್‌ಫರ್ಡಿನಲ್ಲೇ ಪ್ರಸಂಗಕ್ಕೆ ನಿಂತು, ಬಹುಮಟ್ಟಿಗೆ ಕ್ರೈಸ್ತರಾಗಿದ್ದು ಪೂರ್ತಿ ಆಗದವರ ಬಗ್ಗೆ ಮಾತಾಡಿದರು. ಆ ಉಪವಾಸ, ಶ್ರದ್ಧೆ ಎಲ್ಲ ಇದ್ದವನು ನಾನೇ ಎಂದೂ ಹೇಳಿದರು. ನನಗೆ ಇಷ್ಟವಾಗುವ ಇನ್ನೊಂದು ಸಂಗತಿ ಇದೆ. ಇತರರನ್ನು ತಿರುಗಿಸಲು ಹೋದ ನಾನೇ ದೇವರ ಕಡೆ ತಿರುಗಿರಲಿಲ್ಲ ಎಂದು ಹಿಂದೆ ದಿನಚರಿಯಲ್ಲಿ ಬರೆದಿದ್ದ ಮಾತಿಗೆ, ವಯಸ್ಸಾದ ಮೇಲೆ ಅವರೇ ಒಂದು ಟಿಪ್ಪಣಿ ಸೇರಿಸಿದರು: ಇದು ಅಷ್ಟು ಖಚಿತವಿಲ್ಲ ಎಂದು. ತನ್ನ ಹೃದಯವನ್ನು ತಾನೇ ತೂಗುವುದು ಅಷ್ಟು ಸುಲಭವಲ್ಲ.

ಬಿಸಿಯ ಮಾತು ಬಂದಾಗ ಲವೊದಿಕೀಯ ಎಂಬ ಊರಿನ ಸಭೆ ಬರಲೇಬೇಕು. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಆದ್ದರಿಂದ ಬಾಯಿಂದ ಕಾರುತ್ತೇನೆ ಎಂಬ ಪ್ರಕಟನೆ ಗ್ರಂಥದ ಮಾತು. ಅರೆಮನಸ್ಸಿನ ವಿಶ್ವಾಸಿಗಿಂತ ದೇವರನ್ನು ಪೂರ್ತಿ ತಿರಸ್ಕರಿಸುವವನೇ ವಾಸಿ ಎಂದು ಇದನ್ನು ಕೆಲವರು ವಿವರಿಸುತ್ತಾರೆ. ನನಗೆ ಅದು ಎಂದೂ ಸರಿ ಅನಿಸಿಲ್ಲ. ಆ ಪ್ರದೇಶ ನೋಡಿದರೆ ಮಾತು ಬೇರೆ ಥರ ಕೇಳಿಸುತ್ತದೆ. ಹತ್ತಿರದ ಹಿಯರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಇವತ್ತು ಟರ್ಕಿಯ ಪಾಮುಕ್ಕಲೆ ಎಂದು ಪ್ರವಾಸಿಗರು ಹೋಗುವ ಜಾಗ ಅದೇ. ಕೊಲೊಸ್ಸೆಯ ಕಡೆ ತಣ್ಣನೆಯ ನೀರು. ಲವೊದಿಕೀಯಕ್ಕೆ ನೀರು ದೂರದಿಂದ ಕೊಳವೆಯಲ್ಲಿ ಬರಬೇಕಿತ್ತು. ಬಿಸಿನೀರು ಮೈನೋವಿಗೆ, ತಣ್ಣೀರು ಬಾಯಾರಿಕೆಗೆ, ಎರಡೂ ಕೆಲಸಕ್ಕೆ ಬರುತ್ತವೆ. ಉಗುರು ಬೆಚ್ಚಗಿನದು ಯಾವುದಕ್ಕೂ ಬಾರದು. ಹೀಗೆ ಓದುವ ವಿದ್ವಾಂಸರು ಅನೇಕರಿದ್ದಾರೆ, ನನಗೂ ಇದೇ ಸರಿ ಕಾಣುತ್ತದೆ.

ಅದಕ್ಕಿಂತ ಮುಖ್ಯ, ಆ ಸಭೆಯ ರೋಗ ಯಾವುದೆಂದು ಅಲ್ಲೇ ಬರೆದಿದೆ. ನಾನು ಐಶ್ವರ್ಯವಂತ, ನನಗೇನೂ ಕೊರತೆಯಿಲ್ಲ. ಕ್ರಿ.ಶ. 60ರ ಭೂಕಂಪದಲ್ಲಿ ನೆಲಸಮವಾದ ಊರು ರೋಮಿನ ಸಹಾಯವನ್ನೂ ಪಡೆಯದೆ ತನ್ನ ಹಣದಿಂದಲೇ ಎದ್ದು ನಿಂತಿತು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಅಂಥ ಊರಿನ ಜನ. ಯಾರ ಹಂಗೂ ಇಲ್ಲದೆ ಬದುಕುವುದು ಅಭ್ಯಾಸವಾದವರಿಗೆ ದೇವರ ಹಂಗಿನಲ್ಲಿ ಬದುಕುವುದು ಕಷ್ಟವೇ. ಯೇಸು ಬಾಗಿಲ ಹೊರಗೆ ನಿಂತು ತಟ್ಟುತ್ತಿರುವುದು ಇದೇ ಸಭೆಯ ಬಾಗಿಲು.

ಹಾಗಾದರೆ ಎಷ್ಟು ಕೊಟ್ಟರೆ ಪೂರ್ತಿ? ಯೇಸು ಒಬ್ಬ ಶ್ರೀಮಂತನಿಗೆ ಎಲ್ಲವನ್ನೂ ಮಾರು ಎಂದ. ಜಕ್ಕಾಯ ಅರ್ಧ ಆಸ್ತಿ ಕೊಡುತ್ತೇನೆ ಎಂದಾಗ ಇನ್ನರ್ಧ ಎಲ್ಲಿ ಎಂದು ಕೇಳಲಿಲ್ಲ, ಈ ಮನೆಗೆ ರಕ್ಷಣೆಯಾಯಿತು ಎಂದ. ಬೇಥಾನ್ಯದ ಮಾರ್ಥ, ಮರಿಯರ ಮನೆ ಮನೆಯಾಗಿಯೇ ಉಳಿಯಿತು, ಅಲ್ಲಿ ಯೇಸುವಿಗೆ ಊಟ ಸಿಗುತ್ತಿತ್ತು. ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಆ ಶ್ರೀಮಂತನ ಮನಸ್ಸು ಸಿಕ್ಕಿಹಾಕಿಕೊಂಡಿದ್ದ ಜಾಗಕ್ಕೇ ಯೇಸು ಕೈ ಇಟ್ಟ, ಅಷ್ಟೇ. ಅದಕ್ಕೆ ಮುಂಚೆ "ಅವನನ್ನು ನೋಡಿ ಪ್ರೀತಿಸಿದ" ಎಂದು ಮಾರ್ಕ ಬರೆದಿರುವುದನ್ನು ನಾವು ಓದುವಾಗ ಹಾರಿಸಿಬಿಡುತ್ತೇವೆ.

ಇಲ್ಲಿ ಅನನೀಯ, ಸಪ್ಫೈರರ ಕಥೆ ನನಗೆ ತುಂಬ ಸಹಾಯ ಮಾಡಿದೆ, ಭಯಾನಕ ಕಥೆಯಾದರೂ. ಅಪೊಸ್ತಲರ ಕೃತ್ಯಗಳ ನಾಲ್ಕನೇ ಅಧ್ಯಾಯದ ಕೊನೆಯಲ್ಲಿ ಬರ್ನಬ ಎಂಬವನು ಹೊಲ ಮಾರಿ ಹಣವನ್ನೆಲ್ಲ ತಂದು ಅಪೊಸ್ತಲರ ಪಾದದ ಬಳಿ ಇಡುತ್ತಾನೆ. ಐದನೇ ಅಧ್ಯಾಯದಲ್ಲಿ ಈ ದಂಪತಿ ಆಸ್ತಿ ಮಾರಿ, ಸ್ವಲ್ಪ ತೆಗೆದಿಟ್ಟುಕೊಂಡು, ಇದೇ ಪೂರ್ತಿ ಹಣ ಎಂದು ತೋರಿಸುತ್ತಾರೆ. ಪೇತ್ರನ ಮಾತನ್ನು ಗಮನಿಸಿ. ಮಾರುವ ಮುಂಚೆ ಅದು ನಿನ್ನದೇ ಆಗಿತ್ತಲ್ಲ? ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲ? ಅಂದರೆ ಅರ್ಧ ಕೊಟ್ಟು ಅರ್ಧ ಎಂದು ಹೇಳಿದ್ದರೆ ತೊಂದರೆಯೇ ಇರಲಿಲ್ಲ. ಅರ್ಧ ಕೊಟ್ಟು ಪೂರ್ತಿ ಎಂದದ್ದು ಅವರನ್ನು ಕೊಂದಿತು.

ಇದರ ಪಕ್ಕದಲ್ಲಿ ಮಾರ್ಕನ ಸುವಾರ್ತೆಯ ಆ ತಂದೆಯನ್ನು ನಿಲ್ಲಿಸಿ. ಮಗನಿಗೆ ದೆವ್ವ ಹಿಡಿದಿದೆ, ಶಿಷ್ಯರ ಕೈಯಲ್ಲಿ ಆಗಿಲ್ಲ. "ನಂಬುತ್ತೇನೆ, ನನ್ನ ಅಪನಂಬಿಕೆಯಲ್ಲಿ ಸಹಾಯ ಮಾಡು" ಎಂದು ಕೂಗುತ್ತಾನೆ. ಅರ್ಧ ನಂಬಿಕೆ, ಅರ್ಧ ಅನುಮಾನ, ಎರಡನ್ನೂ ಎತ್ತಿ ಯೇಸುವಿನ ಮುಂದೆ ಇಟ್ಟ. ಏನನ್ನೂ ಹಿಂದೆ ಬಚ್ಚಿಡಲಿಲ್ಲ. ನನ್ನ ಲೆಕ್ಕದಲ್ಲಿ ಇವನೇ ಪೂರ್ಣಮನಸ್ಸಿನವನು. ಪೂರ್ಣಮನಸ್ಸು ಎಂದರೆ ಅನುಮಾನವೇ ಇಲ್ಲದ ಮನಸ್ಸು ಎಂದು ಯಾರೋ ನಮಗೆ ತಪ್ಪಾಗಿ ಕಲಿಸಿದ್ದಾರೆ. ಅದಕ್ಕೇ ಸಾಕ್ಷಿ ಹೇಳುವಾಗ ಎಲ್ಲ ಗೆದ್ದ ಮೇಲಿನ ಕಥೆ ಮಾತ್ರ ಹೇಳುತ್ತೇವೆ, ನಡುವೆ ಒದ್ದಾಡಿದ್ದನ್ನು ತೆಗೆದಿಡುತ್ತೇವೆ.

ಆದರೂ ಒಂದು ಕಷ್ಟ ಉಳಿಯುತ್ತದೆ. ಬಚ್ಚಿಟ್ಟದ್ದು ಗೊತ್ತಿದೆ, ಕೊಡಬೇಕೆಂದೂ ಇದೆ, ಕೊಡಲಾಗುತ್ತಿಲ್ಲ. ಆಗ? ಇದನ್ನು ಮುಂದೆ ಬಿಷಪ್ ಆದ ಪ್ರಾಚೀನ ಸಭೆಯ ಬರಹಗಾರ ಆಗಸ್ಟೀನನಷ್ಟು ಪ್ರಾಮಾಣಿಕವಾಗಿ ಬರೆದವರು ಕಡಿಮೆ. ಯೌವನದಲ್ಲಿ ಅವನ ಪ್ರಾರ್ಥನೆ ಹೀಗಿತ್ತಂತೆ: ನನಗೆ ಶುದ್ಧತೆ ಕೊಡು, ಆದರೆ ಈಗಲೇ ಬೇಡ. ದೇವರು ಬೇಗ ಕೇಳಿಬಿಟ್ಟರೆ ಎಂಬ ಹೆದರಿಕೆ! ಮನಸ್ಸು ಕೈಗೆ ಅಪ್ಪಣೆ ಕೊಟ್ಟರೆ ಕೈ ಆಡುತ್ತದೆ, ಮನಸ್ಸು ತನಗೆ ತಾನೇ ಅಪ್ಪಣೆ ಕೊಟ್ಟರೆ ಮಾತ್ರ ಕೇಳುವುದಿಲ್ಲ, ಯಾಕೆಂದರೆ ಅಪ್ಪಣೆ ಕೊಡುವಾಗಲೇ ಅದು ಪೂರ್ತಿ ಮನಸ್ಸಿನಿಂದ ಕೊಟ್ಟಿರುವುದಿಲ್ಲ ಎಂದು ಅವನು ಬರೆದ. 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಅತ್ತು ಅತ್ತು, ರೋಮಾಪುರದವರಿಗೆ ಬರೆದ ಪತ್ರದ ಸಾಲೊಂದನ್ನು ಓದಿ ಬದಲಾದ. ಬಲವಂತವಾಗಿ ತನ್ನ ಮನಸ್ಸನ್ನು ತಾನೇ ಒಂದುಗೂಡಿಸಿ ಅವನು ಗೆಲ್ಲಲಿಲ್ಲ. 86ನೇ ಕೀರ್ತನೆಯವನೂ ಅದನ್ನೇ ಬೇಡುತ್ತಾನೆ. ಚೆದುರಿರುವ ನನ್ನ ಹೃದಯವನ್ನು ನೀನೇ ಒಂದು ಮಾಡು ಎಂದು. ನಾವು ಕೊಡಬೇಕಾದ ಪೂರ್ಣಮನಸ್ಸನ್ನೂ ಮೊದಲು ಕೇಳಿಯೇ ಪಡೆಯಬೇಕು. ಇದು ನನಗೆ ದೊಡ್ಡ ಸಮಾಧಾನ.

ಪೂರ್ಣಮನಸ್ಸು ಎಂಬ ಹೆಗ್ಗಳಿಕೆಯನ್ನು ಬೈಬಲ್ ಮತ್ತೆ ಮತ್ತೆ ಕೊಡುವುದು ಕಾಲೇಬನಿಗೆ. ಯೆಹೋಶುವನ ಗ್ರಂಥದ 14ನೇ ಅಧ್ಯಾಯ ಒಂದರಲ್ಲೇ ಮೂರು ಸಲ ಆ ಮಾತು ಬರುತ್ತದೆ. 40ನೇ ವಯಸ್ಸಿನಲ್ಲಿ 12 ಗೂಢಚಾರರಲ್ಲಿ ಒಬ್ಬನಾಗಿ ಕಾನಾನ್ ನೋಡಿ ಬಂದ. ಹತ್ತು ಜನ ಆಗುವುದಿಲ್ಲ ಎಂದರು, ಇವನೂ ಯೆಹೋಶುವನೂ ಆಗುತ್ತದೆ ಎಂದರು. ಜನ ಇವರ ಮೇಲೆ ಕಲ್ಲೆಸೆಯಲು ಹೊರಟರು. ಇಷ್ಟು ಎಲ್ಲರಿಗೂ ಗೊತ್ತು. ಮುಂದಿನದು ಯೋಚಿಸಿ. ಶಿಕ್ಷೆ ಬಂದದ್ದು ನಂಬದವರಿಗೆ, ಆದರೆ ಅರಣ್ಯದಲ್ಲಿ ಸುತ್ತಬೇಕಾಗಿ ಬಂದದ್ದು ಕಾಲೇಬನಿಗೂ. ತನ್ನ ತಪ್ಪಿಲ್ಲದೆ, ತನ್ನ ಮೇಲೆ ಕಲ್ಲೆತ್ತಿದವರ ಜೊತೆಯಲ್ಲೇ, ಅವರೆಲ್ಲ ಒಬ್ಬೊಬ್ಬರಾಗಿ ಸಾಯುವ ತನಕ. ಅಷ್ಟು ವರ್ಷ ಅವನು ಏನು ಮಾಡಿದ ಎಂದು ಒಂದು ಸಾಲೂ ಇಲ್ಲ. ನಡೆದ, ಅಷ್ಟೇ ಇರಬೇಕು. 85ನೇ ವಯಸ್ಸಿನಲ್ಲಿ ಬಂದು ತನ್ನ ಪಾಲು ಕೇಳಿದಾಗ, ಸಲೀಸಾದ ಬಯಲು ಕೇಳಲಿಲ್ಲ. ದೈತ್ಯರಂಥ ಅನಾಕ್ಯರು ಕೋಟೆ ಕಟ್ಟಿಕೊಂಡಿದ್ದ ಹೆಬ್ರೋನಿನ ಬೆಟ್ಟ ಕೇಳಿದ. ಕಹಿಯಾಗದೆ 45 ವರ್ಷ ಕಾಯುವುದಕ್ಕೆ ಬೇಕಾದ ಮನಸ್ಸು, ಒಂದು ಸಂಜೆ ಎದ್ದು ನಿಲ್ಲುವುದಕ್ಕೆ ಬೇಕಾದ ಮನಸ್ಸಿಗಿಂತ ಬೇರೆ ಜಾತಿಯದು.

ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಇದೇ ಜಾತಿಯವರು. ಬೂಟು ಹೊಲಿಯುತ್ತಿದ್ದವರು 1793ರಲ್ಲಿ ಬಂಗಾಳಕ್ಕೆ ಬಂದರು. ಮೊದಲ ಬಂಗಾಳಿ ವಿಶ್ವಾಸಿಗೆ ದೀಕ್ಷಾಸ್ನಾನ ಆದದ್ದು 1800ರ ಡಿಸೆಂಬರಿನಲ್ಲಿ. 1812ರಲ್ಲಿ ಶ್ರೀರಾಂಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ವರ್ಷಗಟ್ಟಲೆ ಮಾಡಿದ್ದ ಅನುವಾದದ ಹಸ್ತಪ್ರತಿಗಳು ಬೂದಿಯಾದವು. ಮತ್ತೆ ಕೂತು ಬರೆದರು. ನನ್ನ ಬಗ್ಗೆ ಬರೆಯುವವರು ನಾನು ಬಿಡದೆ ಕಾಲೆಳೆದುಕೊಂಡು ನಡೆಯಬಲ್ಲವನು ಎಂದಷ್ಟೇ ಬರೆದರೆ ಸಾಕು ಎಂಬರ್ಥದಲ್ಲಿ ಅಣ್ಣತಮ್ಮಂದಿರ ಮಗನೊಬ್ಬನಿಗೆ ಹೇಳಿದ್ದರು.

ಆದರೆ ಕೇರಿಯ ಕಥೆಯನ್ನು ಅಲ್ಲಿಗೇ ಬಿಟ್ಟರೆ ನ್ಯಾಯವಲ್ಲ. ಅವರ ಹೆಂಡತಿ ಡೊರೊತಿಗೆ ಬರಲು ಮನಸ್ಸಿರಲಿಲ್ಲ. ಕೊನೆಗೆ ಒಪ್ಪಿ ಹಡಗು ಹತ್ತಿದರು. 1794ರಲ್ಲಿ ಪುಟ್ಟ ಮಗ ಪೀಟರ್ ತೀರಿಕೊಂಡ. ಆಕೆಯ ಮನಸ್ಸಿನ ಸ್ವಾಸ್ಥ್ಯ ಕೆಟ್ಟಿತು, 1807ರಲ್ಲಿ ಸಾಯುವ ತನಕ ಸರಿಹೋಗಲಿಲ್ಲ. ಒಬ್ಬರ ಸಮರ್ಪಣೆಗೆ ಇನ್ನೊಬ್ಬರು ಬೆಲೆ ತೆತ್ತ ಇಂಥ ಕಥೆಗಳನ್ನು ನಾವು ಪ್ರಸಂಗದಲ್ಲಿ ಹೇಳುವುದೇ ಇಲ್ಲ. ಕೇರಿ ಬರಬಾರದಿತ್ತು ಎಂದು ನಾನು ಹೇಳುತ್ತಿಲ್ಲ, ಆ ತೀರ್ಪು ಕೊಡಲು ನಾನ್ಯಾರು? ಆದರೆ ಯೇಸು ಈ ವಿಷಯದಲ್ಲಿ ಸುಮ್ನೆ ಇರಲಿಲ್ಲ. ಮಾರ್ಕ 7ರಲ್ಲಿ ಕೊರ್ಬಾನ್ ಮಾತು ಬರುತ್ತದೆ. ನಿಮಗೆ ಸಿಗಬೇಕಾದದ್ದನ್ನು ದೇವರಿಗೆ ಮೀಸಲಿಟ್ಟಿದ್ದೇನೆ ಎಂದು ತಂದೆತಾಯಿಗೆ ಹೇಳಿ ಕೈತೊಳೆದುಕೊಳ್ಳುತ್ತಿದ್ದವರನ್ನು ಯೇಸು ಕಟುವಾಗಿ ಖಂಡಿಸಿದ. ದೇವರ ಹೆಸರಿನಲ್ಲಿ ಮನೆಯವರಿಗೆ ಮೋಸ ಮಾಡುವುದನ್ನು ಪೂರ್ಣಮನಸ್ಸು ಎಂದು ಅವನು ಒಪ್ಪಲಿಲ್ಲ. ವಾರವಿಡೀ ಸೇವೆ, ಮನೆಯಲ್ಲಿ ಮಾತ್ರ ಮುಖ ಗಂಟು. ಇಂಥ ಸಮರ್ಪಣೆಯನ್ನು ನಾನು ನಂಬುವುದಿಲ್ಲ.

ಇನ್ನೊಂದು ಮಾತು. ಏನು ಮಾಡಿದರೂ ಕರ್ತನಿಗಾಗಿ ಎಂದು ಮನಃಪೂರ್ವಕವಾಗಿ ಮಾಡಿ ಎಂದು ಪೌಲ ಕೊಲೊಸ್ಸೆಯವರಿಗೆ ಬರೆದದ್ದು ದಾಸರಿಗೆ. ಯಾವ ಕೆಲಸ ಎಂದು ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಇಲ್ಲದವರಿಗೆ. ಪೂರ್ಣಾವಧಿ ಸೇವೆಗೆ ಇಳಿದವರದು ಮಾತ್ರ ಪೂರ್ತಿ ಸಮರ್ಪಣೆ, ಉಳಿದವರದು ಪಾರ್ಟ್‌ಟೈಮ್ ಎಂಬ ಭಾವನೆ ಈ ಒಂದು ಸಾಲಿನ ಮುಂದೆ ನಿಲ್ಲುವುದಿಲ್ಲ. (ಈ ವಾಕ್ಯವನ್ನು ಕೆಲಸಗಾರರಿಗೆ ನೆನಪಿಸುವ ಮಾಲೀಕರು ದಯವಿಟ್ಟು ನಾಲ್ಕನೇ ಅಧ್ಯಾಯದ ಮೊದಲ ವಾಕ್ಯವನ್ನೂ ಓದಬೇಕು. ಅದು ಅವರಿಗೆ.)

ಇಷ್ಟೆಲ್ಲ ಹೇಳಿದ ಮೇಲೂ ಬೇರೆಯವರ ಮನಸ್ಸು ಅಳೆಯುವ ಚಪಲ ನಮಗೆ ಹೋಗುವುದಿಲ್ಲ. ಯಾರಾದರೂ ಸಭೆಗೆ ಬರುವುದು ಕಡಿಮೆಯಾದರೆ "ಅವರ ಸಮರ್ಪಣೆ ಅಷ್ಟೇ" ಎಂದುಬಿಡುತ್ತೇವೆ. ಪೌಲನೂ ಹಾಗೆ ಅಂದಿದ್ದ. ಯೋಹಾನ ಮಾರ್ಕ ಎಂಬ ಯುವಕ ಮೊದಲ ಪ್ರಯಾಣದಲ್ಲಿ ಪೆರ್ಗೆಯಿಂದಲೇ ವಾಪಸ್ಸು ಹೋದ. ಎರಡನೇ ಪ್ರಯಾಣಕ್ಕೆ ಅವನು ಬೇಡವೇ ಬೇಡ ಎಂದು ಪೌಲ ಹಟ ಹಿಡಿದ. ಅದೇ ಪೌಲ ಸೆರೆಯಲ್ಲಿದ್ದಾಗ ಜೊತೆಗಿದ್ದವರಲ್ಲಿ ದೇಮ ಒಬ್ಬ. ಎರಡು ಪತ್ರಗಳಲ್ಲಿ ಅವನ ವಂದನೆ ಇದೆ. ಆಗ ಯಾರನ್ನಾದರೂ ಕೇಳಿದ್ದರೆ ದೇಮ ಗಟ್ಟಿ, ಮಾರ್ಕ ಟೊಳ್ಳು ಎನ್ನುತ್ತಿದ್ದರೇನೋ. ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯ ಅಧ್ಯಾಯದಲ್ಲಿ ಇಬ್ಬರ ಹೆಸರೂ ಪಕ್ಕಪಕ್ಕದಲ್ಲೇ ಬರುತ್ತದೆ. ದೇಮ ಈ ಲೋಕವನ್ನು ಪ್ರೀತಿಸಿ ನನ್ನನ್ನು ಬಿಟ್ಟು ಥೆಸಲೋನಿಕಕ್ಕೆ ಹೋದ. ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಅವನು ನನಗೆ ಉಪಯುಕ್ತ.

ನಡುವಿನ ಆ ವರ್ಷಗಳಲ್ಲಿ ಮಾರ್ಕ ಹೇಗೆ ಬದಲಾದ ಎಂದು ಬರೆದಿಲ್ಲ. ಒಂದು ಮಾತ್ರ ಬರೆದಿದೆ. ಪೌಲ ಬೇಡವೆಂದ ದಿನ ಬರ್ನಬ ಒಪ್ಪಲಿಲ್ಲ. ಜಗಳ ಜೋರಾಯಿತು, ಇಬ್ಬರೂ ಬೇರೆಯಾದರು. ಬರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹಡಗು ಹತ್ತಿದ. ಹೊಲ ಮಾರಿ ಪೂರ್ತಿ ಹಣ ತಂದಿಟ್ಟಿದ್ದನಲ್ಲ, ಅದೇ ಬರ್ನಬ.